ಜಗುಲಿಯ ಮೇಲಿನ ಬ್ಯಾಂಕು

ನಮ್ಮೂರ ಪೋಸ್ಟಾಫೀಸಿಗೆ ಬೋರ್ಡು ಇದೆ, ಕಟ್ಟಡ ಇಲ್ಲ. ಒಂದು ಹೆಂಚಿನ ಮನೆಯ ಜಗುಲಿಯೇ ಪೋಸ್ಟಾಫೀಸು. ಒಂದು ಮೂಲೆಯಲ್ಲಿ ಮೇಜು. ಅದರ ಮೇಲೆ ತಕ್ಕಡಿ, ಮೊಹರು, ಮಸಿ ಪ್ಯಾಡು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬೆರಳಚ್ಚಿನ ಯಂತ್ರ. ಇನ್ನೊಂದು ಮೂಲೆಯಲ್ಲಿ ಮನೆಯವರ ಅಡಿಕೆ ಚೀಲಗಳು. ನಡುವೆ ಮಲಗಿರುವ ನಾಯಿ ಇಲಾಖೆಗೂ ಸೇರಿಲ್ಲ, ಮನೆಗೂ ಸೇರಿಲ್ಲ. ಹೊಸಬರು ಬಂದರೆ ಮಾತ್ರ ಇಬ್ಬರ ಪರವಾಗಿಯೂ ಬೊಗಳುತ್ತದೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ದೊಡ್ಡಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ. ಗೃಹಲಕ್ಷ್ಮಿ ದುಡ್ಡು ಬಿದ್ದಿದೆ ಅಂತ ಸುದ್ದಿ ಬಂದಿತ್ತು. ಜಗುಲಿ ಮೆಟ್ಟಿಲ ಮೇಲೆ ಆಗಲೇ ಏಳೆಂಟು ಹೆಂಗಸರು ಕೂತಿದ್ದರು. ದೊಡ್ಡಮ್ಮನ ಸರದಿ ಬಂತು. ಬಲಗೈ ಹೆಬ್ಬೆಟ್ಟು ಒತ್ತಿದರು. ಆಗಲಿಲ್ಲ.

"ಅಜ್ಜಿ, ಇನ್ನೊಂದ್ ಬೆರಳ ಇಡ್ರಿ."

ತೋರುಬೆರಳು ಇಟ್ಟರು. ಅದೂ ಆಗಲಿಲ್ಲ. ಅದು ಅಡಿಕೆ ಸುಲಿಯುವ ಕಾಲ. ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದರೆ ಬೆರಳಿಗೆ ಕಪ್ಪು ಕಲೆ ಹಿಡಿಯುತ್ತದೆ, ತುದಿಯ ಚರ್ಮ ಒರಟಾಗುತ್ತದೆ, ಗೆರೆ ಅಳಿಸಿಹೋಗುತ್ತದೆ. ಐವತ್ತು ವರ್ಷ ಸುಲಿದವರ ಬೆರಳಲ್ಲಿ ಗೆರೆ ಹುಡುಕುವುದು ಅಂದರೆ ಹಳೇ ನಾಣ್ಯದಲ್ಲಿ ರಾಜನ ಮುಖ ಹುಡುಕಿದ ಹಾಗೆ. ಹಿಂದೆ ಕೂತಿದ್ದವರು ಸಲಹೆ ಕೊಡತೊಡಗಿದರು. ಸೋಪು ಹಾಕಿ ತೊಳಿ, ನಿಂಬೆಹುಳಿ ತಿಕ್ಕು, ಸೆರಗಿಗೆ ಒರೆಸಿ ಇಡು. ಎಲ್ಲ ಆಯಿತು.

"ಎಂತ ಮಾರಾಯ್ತಿ, ನನ್ನ ಬೆರಳು ನಂದಲ್ವಾ?" ಎಂದರು ದೊಡ್ಡಮ್ಮ. ಯಂತ್ರಕ್ಕೆ ಹೇಳಿದರೋ, ಮೇಜಿನ ಹಿಂದಿದ್ದ ಹುಡುಗಿಗೆ ಹೇಳಿದರೋ ಗೊತ್ತಾಗಲಿಲ್ಲ.

ಕೊನೆಗೆ ಎಡಗೈ ಉಂಗುರ ಬೆರಳು ಹಿಡಿಯಿತು. 2,000 ರೂಪಾಯಿ ಬಂತು. ಅದರಲ್ಲಿ 500 ಎಲ್ಲಿ ಹೋಯಿತು ಅನ್ನೋದನ್ನ ಆಮೇಲೆ ಹೇಳುತ್ತೇನೆ.

ಆ ದುಡ್ಡು ಇದ್ದದ್ದು ಪೋಸ್ಟಾಫೀಸಿನಲ್ಲಿ ಅಲ್ಲ. ದೊಡ್ಡಮ್ಮನ ಖಾತೆ ಇರುವುದು ಸಾಗರ ಪೇಟೆಯ ಒಂದು ಬ್ಯಾಂಕಿನಲ್ಲಿ. ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಕು, ಯಾವ ಬ್ಯಾಂಕಿನದಾದರೂ ಈ ಜಗುಲಿಯ ಯಂತ್ರದಲ್ಲಿ ತೆಗೆಯಬಹುದು, ಒಂದು ಸಲಕ್ಕೆ 10,000 ರೂಪಾಯಿವರೆಗೆ. ದೊಡ್ಡಮ್ಮನಿಗೆ ಇದು ಪವಾಡವೇನೂ ಅಲ್ಲ. ಅವರ ಲೆಕ್ಕದಲ್ಲಿ ದುಡ್ಡು ಯಾವತ್ತೂ ಬರುತ್ತಿದ್ದದ್ದು ಪೋಸ್ಟಿನಿಂದಲೇ.

ನಮ್ಮದು ಶರಾವತಿ ಹಿನ್ನೀರಿನಾಚೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಸಾಗರಕ್ಕೆ ಹೋಗಬೇಕೆಂದರೆ ಹೊಳೆಬಾಗಿಲಿನ ಲಾಂಚ್ ಹತ್ತಬೇಕಿತ್ತು. ಲಾಂಚ್ ಆಚೆ ದಡದಲ್ಲಿದ್ದರೆ ಕಾಯಬೇಕು. ಬ್ಯಾಂಕಿನಲ್ಲಿ ಊಟದ ಹೊತ್ತಾಗಿದ್ದರೆ ಮತ್ತೆ ಕಾಯಬೇಕು. ಕೊನೆಯ ಲಾಂಚ್ ತಪ್ಪಿದರೆ ನೆಂಟರ ಮನೆ ಹುಡುಕಬೇಕು. 300 ರೂಪಾಯಿ ತೆಗೆಯಲು ಒಂದು ದಿನದ ಕೂಲಿ, ಬಸ್ ಚಾರ್ಜು, ಒಂದು ಊಟ ಖರ್ಚು. ಬ್ಯಾಂಕು ಎಲ್ಲರಿಗೂ ತೆರೆದಿತ್ತು ಅನ್ನೋದು ನಿಜ. ನಮ್ಮ ಮತ್ತು ಅದರ ನಡುವೆ ಹೊಳೆ ಇತ್ತು, ಅಷ್ಟೇ. ಟಪಾಲು ಚೀಲ ಮಾತ್ರ ನಮ್ಮ ಬದಲು ಆ ಹೊಳೆ ದಾಟಿ ಬರುತ್ತಿತ್ತು.

ಈಗಿರುವ ಹುಡುಗಿ ಬಾಗಲಕೋಟೆ ಕಡೆಯವಳು. ಹೆಸರು ಬರೆಯುವುದಿಲ್ಲ, ಊರಿನವರು ಕರೆಯುವ ಹಾಗೆ ಬಿಪಿಎಂ ಅನ್ನೋಣ. ಬ್ರಾಂಚ್ ಪೋಸ್ಟ್‌ಮಾಸ್ಟರ್. ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಪೋಸ್ಟಾಫೀಸುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲಿವೆ. ಅವುಗಳಲ್ಲಿ ಬಹುಪಾಲನ್ನು ನಡೆಸುವುದು ಇವಳಂಥ ಗ್ರಾಮೀಣ ಡಾಕ್ ಸೇವಕರು. ಹತ್ತನೇ ಕ್ಲಾಸಿನ ಅಂಕ ನೋಡಿ ಆಯ್ಕೆ. ಲೆಕ್ಕಕ್ಕೆ ದಿನಕ್ಕೆ ನಾಲ್ಕು ಅಥವಾ ಐದು ಗಂಟೆಯ ಕೆಲಸ. 2018ರಲ್ಲಿ ನಿಗದಿ ಮಾಡಿದ ಹಾಗೆ ಬಿಪಿಎಂಗೆ ತಿಂಗಳ ಮೂಲ ಸಂಭಾವನೆ ನಾಲ್ಕು ಗಂಟೆಗೆ 12,000, ಐದು ಗಂಟೆಗೆ 14,500 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ. ಪೋಸ್ಟಾಫೀಸು ನಡೆಸುವ ಜಾಗವನ್ನೂ ಬಿಪಿಎಂ ತಾನೇ ಹೊಂದಿಸಿಕೊಳ್ಳಬೇಕು. ಹಾಗಾಗಿ ಈ ಜಗುಲಿ. ಬ್ಯಾಂಕ್ ಮ್ಯಾನೇಜರಿಗೆ "ನಿಮ್ಮ ಮನೆ ವರಾಂಡದಲ್ಲೇ ಬ್ರಾಂಚ್ ನಡೆಸಿ" ಎಂದು ಯಾರಾದರೂ ಹೇಳಿಯಾರೇ?

ಅವಳ ಹಿಂದೆ ಇದ್ದವರು ನಮ್ಮೂರಿನವರೇ. 65 ತುಂಬಿ ನಿವೃತ್ತರಾಗುವವರೆಗೆ ಅವರೇ ಪೋಸ್ಟ್ ಮಾಸ್ಟ್ರು. ಯಾರ ಮಗ ಎಲ್ಲಿದ್ದಾನೆ, ಯಾರ ಮನೆಗೆ ಕೋರ್ಟಿನ ನೋಟಿಸ್ ಬಂದಿದೆ, ಯಾರ ಮಗಳ ಕಾಗದ ನಿಂತುಹೋಗಿದೆ, ಎಲ್ಲ ಅವರಿಗೆ ಗೊತ್ತು. ಓದು ಬರದವರಿಗೆ ಕಾಗದ ಓದಿ ಹೇಳುವವರೂ ಅವರೇ, ಉತ್ತರ ಬರೆದುಕೊಡುವವರೂ ಅವರೇ. ಕೆಟ್ಟ ಸುದ್ದಿ ಇದ್ದರೆ ಮೊದಲು ನೀರು ತರಿಸಿ ಕುಡಿಸಿ ಆಮೇಲೆ ಓದುತ್ತಿದ್ದರಂತೆ. ಅವರಿದ್ದಾಗ ಗುರುತಿನ ಚೀಟಿ ಕೇಳಿದ್ದನ್ನು ನಾನು ನೋಡಿಲ್ಲ. ನಾಲ್ಕು ತಲೆಮಾರು ಗೊತ್ತಿದ್ದವರಿಗೆ ಚೀಟಿ ಯಾಕೆ?

ಆ ಜಾಗಕ್ಕೆ ಒಂದು ದಿನ ಬೇರೆಯೇ ಕನ್ನಡ ಮಾತಾಡುವ, ಇಪ್ಪತ್ತೆರಡು ವರ್ಷದ ಹುಡುಗಿ ಬಂದು ಕೂತಳು. ಊರಿನವರು ಮೊದಲ ಮೂರು ತಿಂಗಳು ಅನುಮಾನದಲ್ಲೇ ಇದ್ದರು. ಅವಳಿಗೆ ಇವರ ಮಳೆ ಅರ್ಥವಾಗಲಿಲ್ಲ, ಇವರಿಗೆ ಅವಳ ರೊಟ್ಟಿ. ನಾನು ಇಲ್ಲಿ ಬರೆಯಬೇಕೆಂದುಕೊಂಡಿರುವುದೂ ಇದನ್ನೇ. ಗುರುತು ಇಲ್ಲದವರ ಕೈಗೆ ದುಡ್ಡು ಕೊಡುವಷ್ಟು ಗುರುತು ಹೇಗೆ ಬೆಳೆಯುತ್ತದೆ? ಬೆಳೆದ ಮೇಲೆ ಅದರಿಂದ ಏನೆಲ್ಲ ಆಗುತ್ತದೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಬಡವರ ದುಡ್ಡಿಗೆ ಪೋಸ್ಟಾಫೀಸೇ ಸರಿಯಾದ ಜಾಗ ಎಂಬ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರಿನ ಬ್ಯಾಂಕ್ ನೌಕರ ಚಾರ್ಲ್ಸ್ ಸೈಕ್ಸ್ ಇದನ್ನು ಅಲ್ಲಿನ ಹಣಕಾಸು ಮಂತ್ರಿ ಗ್ಲಾಡ್‌ಸ್ಟನ್‌ಗೆ ಬರೆದು ತಿಳಿಸಿದ. 1861ರಲ್ಲಿ ಅಂಚೆ ಉಳಿತಾಯ ಬ್ಯಾಂಕು ಶುರುವಾಯಿತು. ಅಲ್ಲಿನ ಉಳಿತಾಯ ಬ್ಯಾಂಕುಗಳು ವಾರದಲ್ಲಿ ಕೆಲವೇ ಗಂಟೆ ತೆರೆಯುತ್ತಿದ್ದವು. ಕೂಲಿಯವನಿಗೆ ಪುರುಸೊತ್ತಾಗುವ ಹೊತ್ತಿಗೆ ಬಾಗಿಲು ಹಾಕಿರುತ್ತಿತ್ತು. ಪೋಸ್ಟಾಫೀಸು ಮಾತ್ರ ದಿನವೂ ತೆರೆದಿರುತ್ತಿತ್ತು. ನಮ್ಮಲ್ಲಿ 1880ರಲ್ಲಿ ಮನಿಯಾರ್ಡರ್ ಬಂತು, 1882ರಲ್ಲಿ ಉಳಿತಾಯ ಬ್ಯಾಂಕು, 1884ರಲ್ಲಿ ಅಂಚೆ ಜೀವವಿಮೆ. ವಿಮೆ ಮೊದಲು ಇಲಾಖೆಯ ನೌಕರರಿಗೆ ಮಾತ್ರ ಇತ್ತು. 1894ರಲ್ಲಿ ಅಂಚೆ ಮತ್ತು ತಂತಿ ಇಲಾಖೆಯ ಹೆಣ್ಣು ನೌಕರರಿಗೂ ಕೊಟ್ಟರು. ಆಗ ಬೇರೆ ಯಾವ ಕಂಪನಿಯೂ ಇಲ್ಲಿ ಹೆಂಗಸರ ಜೀವಕ್ಕೆ ವಿಮೆ ಮಾಡುತ್ತಿರಲಿಲ್ಲ.

ಒಂದು ಸಲ ಬಾಗಿಲು ತೆರೆದಿದೆ ಎಂದು ಗೊತ್ತಾದರೆ ಎಲ್ಲರೂ ತಮ್ಮ ಗಂಟು ತಂದು ಅಲ್ಲೇ ಇಡುತ್ತಾರೆ. ಬಂಗಾಳದಲ್ಲಿ 1892ರಿಂದ ಪೋಸ್ಟಾಫೀಸಿನಲ್ಲಿ ಮಲೇರಿಯಾದ ಕ್ವಿನೈನ್ ಪೊಟ್ಟಣ ಮಾರುತ್ತಿದ್ದರು. ಈಗ ಗಂಗಾಜಲ ಸಿಗುತ್ತದೆ. ಆಗಸ್ಟ್‌ನಲ್ಲಿ ಬಾವುಟ ಸಿಗುತ್ತದೆ. ನಮ್ಮ ಬಿಪಿಎಂ ಮೇಜಿನ ಕೆಳಗೆ ಏನೇನಿದೆಯೋ ನಾನು ಬಗ್ಗಿ ನೋಡಿಲ್ಲ.

ಮೈಸೂರಿನ ಕಥೆ ಇನ್ನೂ ಹಳೆಯದು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಶುರುಮಾಡಿದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಆ ಮೊದಲಿನ ಅಂಚೆಯವರಿಗೆ ಕಾಗದ ಸಾಗಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಊರೂರಿನಲ್ಲಿ ಏನು ನಡೆಯುತ್ತಿದೆ, ಯಾರು ಏನು ಮಾತಾಡುತ್ತಿದ್ದಾರೆ ಎಂಬುದನ್ನು ಅರಮನೆಗೆ ಮುಟ್ಟಿಸುವುದು. ಹೆಸರೇನೋ ಚೆಂದ, ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಆದರೆ ಈ ಹಂಸಕ್ಕೆ ಕಿವಿ ಜಾಸ್ತಿ ಇತ್ತು. ಎಲ್ಲರ ಮನೆ ಬಾಗಿಲಿಗೆ ಹೋಗುವವನಿಗೆ ಎಲ್ಲರ ಗುಟ್ಟೂ ಸಿಗುತ್ತದೆ. ಅದನ್ನು ಅವನು ಏನು ಮಾಡುತ್ತಾನೆ ಎಂಬ ಪ್ರಶ್ನೆ ಆಗಲೂ ಇತ್ತು.

ಮನಿಯಾರ್ಡರ್ ಬಗ್ಗೆ ನಮ್ಮ ಕರಾವಳಿಯವರನ್ನು ಕೇಳಬೇಕು. ಉಡುಪಿ, ಕುಂದಾಪುರ ಕಡೆಯ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದು ಕಳಿಸಿದ ದುಡ್ಡಲ್ಲಿ ಎಷ್ಟು ಮನೆಗಳ ಮಾಡಿಗೆ ಹೆಂಚು ಬಂದಿಲ್ಲ! ಫಾರಂ ಕೆಳಗೆ ಹರಿದುಕೊಡುವ ತುಂಡಿನಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. "ಕ್ಷೇಮ. ತಂಗಿಯ ಫೀಸು ಕಟ್ಟಿ." ಕಾಗದ ಬೇರೆ ಹಾಕುವ ಖರ್ಚಿಲ್ಲ. ಹಳೇ ಮನಿಯಾರ್ಡರ್ 2015ರ ಏಪ್ರಿಲ್‌ನಲ್ಲಿ ನಿಂತಿತು. ಎಲೆಕ್ಟ್ರಾನಿಕ್ ಮನಿಯಾರ್ಡರ್ ಉಳಿಯಿತು. ಫೋನ್‌ಪೇಯಲ್ಲಿ ದುಡ್ಡು ಟಿಣ್ ಅಂತ ಬರುತ್ತದೆ, ನಿಜ. ಆ ಎರಡು ಸಾಲನ್ನು ಜೋಪಾನವಾಗಿ ಎತ್ತಿಟ್ಟವರನ್ನು ನಾನು ನೋಡಿದ್ದೇನೆ, ಟಿಣ್ ಸದ್ದನ್ನು ಎತ್ತಿಟ್ಟವರನ್ನು ನೋಡಿಲ್ಲ.

ಹಾಗಂತ ಎಲ್ಲ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. 2007ರಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಬಂದಾಗ ತಿಂಗಳಿಗೆ 400 ರೂಪಾಯಿ. ನನ್ನ ಅಜ್ಜಿಗೆ ಅದು ಮನಿಯಾರ್ಡರಿನಲ್ಲಿ ಬರುತ್ತಿತ್ತು. ತಂದುಕೊಡುವವನು 390 ಎಣಿಸಿ ಕೈಗೆ ಕೊಡುತ್ತಿದ್ದ. ಕೆಲವು ಸಲ 380. ಎರಡು ತಿಂಗಳದ್ದು ಒಟ್ಟಿಗೆ ಬಂದರೆ ಅವನ ಪಾಲೂ ಒಟ್ಟಿಗೆ. ಅಜ್ಜಿ ಅದಕ್ಕೆ ಚಾ ದುಡ್ಡು ಎನ್ನುತ್ತಿದ್ದರು. "ಪಾಪ, ಅಷ್ಟು ದೂರದಿಂದ ನಡೆದು ಬರ್ತಾನೆ." ನನಗೆ ಸಿಟ್ಟು ಬರುತ್ತಿತ್ತು. ಅವನಿಗೆ ಸಂಬಳ ಇದೆ, ಇದು ಕಳ್ಳತನ ಎಂದರೆ ಅಜ್ಜಿ ನನ್ನನ್ನೇ ಬೈಯುತ್ತಿದ್ದರು. ನೀನು ಊರಲ್ಲಿರೋದು ಎರಡು ದಿನ, ಅವನು ವರ್ಷವಿಡೀ ಬರ್ತಾನೆ, ಅವನ ಮನಸ್ಸು ಕೆಡಿಸಬೇಡ. ಆ ಹತ್ತು ರೂಪಾಯಿ ಅಜ್ಜಿ ಸಂತೋಷಕ್ಕೆ ಕೊಟ್ಟಿದ್ದಲ್ಲ, ಹೆದರಿ ಕೊಟ್ಟಿದ್ದು ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು.

ಇದನ್ನು ಈಗ ಬೆರಳಚ್ಚಿನ ಯಂತ್ರ ಬಹಳ ಮಟ್ಟಿಗೆ ನಿಲ್ಲಿಸಿದೆ. ಎಷ್ಟು ತೆಗೆದರು ಎಂಬುದು ಮೊಬೈಲಿಗೆ ಮೆಸೇಜು ಬರುತ್ತದೆ. ಸೊಸೆಯೋ ಮೊಮ್ಮಗನೋ ಓದಿ ಹೇಳುತ್ತಾರೆ. ಯಂತ್ರ ಚಾ ದುಡ್ಡು ಕೇಳುವುದಿಲ್ಲ. ಆದರೆ ಯಂತ್ರಕ್ಕೆ ದೊಡ್ಡಮ್ಮನ ಗುರುತೂ ಸಿಗುವುದಿಲ್ಲ. ಒಂದು ಹೋಗಿ ಇನ್ನೊಂದು ಬಂತು. ಈಗೀಗ ಬೆರಳಿನ ಬದಲು ಮುಖ ತೋರಿಸಿದರೂ ಆಗುವ ವ್ಯವಸ್ಥೆ ಶುರುವಾಗಿದೆ. ಮಲೆನಾಡಿನ ಅಡಿಕೆ ಕಾಲಕ್ಕೆ ಅದು ಗಟ್ಟಿಯಾದರೆ ಎಷ್ಟೋ ಜನ ಬದುಕಿಕೊಂಡಾರು.

ಬೆಂಗಳೂರಿನಲ್ಲಿ ಕೂತು ಓದುವವರು "ಮನೆ ಬಾಗಿಲಿಗೇ ಬ್ಯಾಂಕು" ಎಂಬ ಜಾಹೀರಾತು ನೋಡಿ ಇದೇನೋ ಹೊಸದು ಅಂದುಕೊಳ್ಳಬಹುದು. ನಮ್ಮ ಕರಾವಳಿಗೆ ಇದು ಅಜ್ಜನ ಕಾಲದ್ದು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತವರ ಜೊತೆಯವರು ಬ್ಯಾಂಕು ಕಟ್ಟಿದರು. 1928ರಲ್ಲಿ ಪಿಗ್ಮಿ ಶುರುವಾಯಿತು. ಏಜೆಂಟು ದಿನಾ ಮನೆಗೆ, ಅಂಗಡಿಗೆ ಬರುತ್ತಾನೆ, ಎರಡಾಣೆ ಕೊಟ್ಟರೂ ಬರೆದುಕೊಳ್ಳುತ್ತಾನೆ. ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಬ್ಯಾಂಕಿನ ಹೆಸರು ಹೋಯಿತು, ಪಿಗ್ಮಿ ಎಂಬ ಪದ ಮಾತ್ರ ಕನ್ನಡದ್ದೇ ಎನ್ನುವಷ್ಟು ನಮ್ಮ ಬಾಯಲ್ಲಿ ಉಳಿದುಕೊಂಡಿತು. ಬಡವರು ಉಳಿಸುವುದಿಲ್ಲ ಎನ್ನುವವರಿಗೆ ಪಿಗ್ಮಿ ಆವತ್ತೇ ಉತ್ತರ ಕೊಟ್ಟಿತ್ತು. ಅವರಿಗೆ ಉಳಿಸಲು ದುಡ್ಡಿರುತ್ತದೆ, ಉಳಿಸಿದ್ದನ್ನು ಇಡಲು ನಡೆದುಹೋಗುವಷ್ಟು ಪುರುಸೊತ್ತು ಇರುವುದಿಲ್ಲ.

ಪೋಸ್ಟಾಫೀಸಿಗೆ ಈ ಬುದ್ಧಿ ಹೊಸ ರೂಪದಲ್ಲಿ ಬಂದದ್ದು 2018ರ ಸೆಪ್ಟೆಂಬರ್ 1ಕ್ಕೆ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶದಲ್ಲೆಲ್ಲ ಶುರುವಾದಾಗ. 650 ಶಾಖೆ, ಅದರ ಹಿಂದೆ ಇಷ್ಟೂ ಪೋಸ್ಟಾಫೀಸುಗಳು. ಖಾತೆಯಲ್ಲಿ ಒಂದು ಪೈಸೆ ಇಲ್ಲದಿದ್ದರೂ ನಡೆಯುತ್ತದೆ. ಖಾತೆಗಳ ಲೆಕ್ಕ ಈಗ 10 ಕೋಟಿ ದಾಟಿದೆ. 2020ರ ಲಾಕ್‌ಡೌನಿನಲ್ಲಿ ಬ್ಯಾಂಕಿಗೆ ಹೋಗಲಾಗದೆ ಕೂತಿದ್ದ ವಯಸ್ಸಾದವರ ಮನೆಗೆ ಅಂಚೆಯವರು ಯಂತ್ರ ಹಿಡಿದು ಹೋಗಿ ದುಡ್ಡು ಕೊಟ್ಟು ಬಂದರು. ನನ್ನ ಮಟ್ಟಿಗೆ ಆ ಬ್ಯಾಂಕು ನಿಜವಾಗಿ ಶುರುವಾಗಿದ್ದು ಆವಾಗಲೇ.

ಆದರೆ ಎರಡು ಮೂರು ಮಾತು ಜಾಹೀರಾತಿನಲ್ಲಿ ಇರುವುದಿಲ್ಲ. ಮೊದಲನೆಯದು ನೆಟ್‌ವರ್ಕ್. ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕಲ್ಲ ಎಂದು ಚಳವಳಿ ಮಾಡಿದ ಸೀಮೆ ನಮ್ಮದು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರೂ ಮಲಗಿದರೆ ಬಿಪಿಎಂ ಯಂತ್ರ ಹಿಡಿದುಕೊಂಡು ಗುಡ್ಡದ ಕಡೆ ನಡೆಯುತ್ತಾಳೆ. ಅವಳ ಹಿಂದೆ ಕೊಡೆ ಹಿಡಿದ ಮೂರ್ನಾಲ್ಕು ಅಜ್ಜಿಯರು. ದೂರದಿಂದ ನೋಡಿದರೆ ದೇವರ ಮೆರವಣಿಗೆ ಅನ್ನಿಸುತ್ತದೆ.

ಎರಡನೆಯದು ನಗದು. ಯಂತ್ರದಲ್ಲಿ ಕೋಟಿ ಇದ್ದರೂ ಡ್ರಾಯರಿನಲ್ಲಿ ನೋಟು ಇರಬೇಕಲ್ಲ? ಬ್ರಾಂಚ್ ಆಫೀಸಿನಲ್ಲಿ ಇಟ್ಟುಕೊಳ್ಳಬಹುದಾದ ನಗದಿಗೆ ಮಿತಿ ಇದೆ. ಜಾಸ್ತಿ ಬೇಕಾದರೆ ಮೇಲಿನ ಆಫೀಸಿನಿಂದ ಚೀಲದಲ್ಲಿ ಬರಬೇಕು. ಗೃಹಲಕ್ಷ್ಮಿ ಬಿದ್ದ ದಿನ ಹತ್ತು ಜನರಿಗೆ ಕೊಡುವಷ್ಟರಲ್ಲಿ "ಕ್ಯಾಶ್ ತೀರ್ತ್ರಿ" ಎನ್ನುತ್ತಾಳೆ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಾಳೆ. ಊರಿನ ಅಂಗಡಿಯವರಿಗೆ ಬೆಳಿಗ್ಗೆಯೇ ಹೇಳಿ ಅವರ ವ್ಯಾಪಾರದ ದುಡ್ಡನ್ನು ಅವರ ಖಾತೆಗೆ ಕಟ್ಟಿಸಿಕೊಳ್ಳುತ್ತಾಳೆ. ಅಂಗಡಿಯ ನೋಟು ಡ್ರಾಯರಿಗೆ ಬಂದು, ಡ್ರಾಯರಿನಿಂದ ಹೆಂಗಸರ ಕೈಗೆ ಹೋಗಿ, ಸಂಜೆಯೊಳಗೆ ಅರ್ಧ ಅದೇ ಅಂಗಡಿಗೆ ವಾಪಸ್. ಇದನ್ನು ಅವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪೇಮೆಂಟ್ಸ್ ಬ್ಯಾಂಕ್ ತಾನಾಗಿ ಸಾಲ ಕೊಡುವ ಹಾಗಿಲ್ಲ. ಒಂದು ಖಾತೆಯಲ್ಲಿ ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಎರಡನೆಯ ನಿಯಮದಿಂದ ನಮ್ಮೂರಲ್ಲಿ ಯಾರಿಗೂ ತೊಂದರೆಯಾಗಿಲ್ಲ, ನಗು ಬಂದಿದೆ ಅಷ್ಟೇ. ಮೊದಲನೆಯದು ಮಾತ್ರ ಎಲ್ಲರಿಗೂ ತಾಗುತ್ತದೆ. ಬಡವರ ಮನೆಯಲ್ಲಿ ದುಡ್ಡಿನ ಕಷ್ಟ ಅಂದರೆ ಹೆಚ್ಚಾಗಿ ಸಾಲದ ಕಷ್ಟ. ಆಸ್ಪತ್ರೆ, ಮದುವೆ, ಶಾಲೆ ಫೀಸು, ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ. ಆಗ ಬಾಗಿಲಿಗೆ ಬರುವವರು ಬೇರೆ. ಮೈಕ್ರೋಫೈನಾನ್ಸಿನವರು ವಾರವಾರ ಬರುತ್ತಾರೆ, ಹೆಂಗಸರನ್ನು ಸುತ್ತ ಕೂರಿಸಿ ಕಂತು ಎಣಿಸುತ್ತಾರೆ. ಬಡ್ಡಿ ವರ್ಷಕ್ಕೆ ನೂರಕ್ಕೆ 24ರ ಆಸುಪಾಸು. ಕಿರುಕುಳ ತಾಳಲಾರದೆ ಜನ ಊರು ಬಿಟ್ಟು ಹೋದ ಸುದ್ದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೊಡುವವರೂ ಮನೆ ಬಾಗಿಲಿಗೇ ಬರುತ್ತಾರೆ ಎಂಬುದನ್ನು ಮರೆಯಬಾರದು. ಪಿಗ್ಮಿ ಏಜೆಂಟು ಸವೆಸಿದ ದಾರಿಯಲ್ಲಿ ಅವರು ಬೈಕು ಓಡಿಸುತ್ತಾರೆ.

ಇಲ್ಲಿ ಒಂದು ತಮಾಷೆ ಇದೆ, ನಗು ಬರದ ತಮಾಷೆ. ಪೋಸ್ಟಾಫೀಸಿನ ಆರ್‌ಡಿ ಗೊತ್ತಲ್ವಾ? ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು, ಐದು ವರ್ಷದ್ದು. ಹನ್ನೆರಡು ಕಂತು ತಪ್ಪದೆ ಕಟ್ಟಿದ ಮೇಲೆ ಅದರಲ್ಲಿರುವ ದುಡ್ಡಿನ ಅರ್ಧದವರೆಗೆ ಸಾಲ ತೆಗೆಯಬಹುದು. ಬಡ್ಡಿ, ಆರ್‌ಡಿಗೆ ಸಿಗುವ ಬಡ್ಡಿಗಿಂತ 2 ಮಾತ್ರ ಜಾಸ್ತಿ. ಅಂದರೆ ಆರ್‌ಡಿಗೆ 6.7 ಇದ್ದರೆ ಸಾಲಕ್ಕೆ 8.7. ಜಗುಲಿಯಲ್ಲಿ ಕೂತಿದ್ದವರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ಆರ್‌ಡಿ ಕಟ್ಟುತ್ತಾ, ಅದರ ಜೊತೆಯಲ್ಲೇ ಸಂಘದ ಸಾಲದ ಕಂತನ್ನೂ ಕಟ್ಟುತ್ತಿದ್ದರು. ಒಂದು ಕೈಯಿಂದ 6.7ಕ್ಕೆ ಕೊಟ್ಟು ಇನ್ನೊಂದು ಕೈಯಿಂದ 24ಕ್ಕೆ ಇಸಿದುಕೊಳ್ಳುವುದು. ಆರ್‌ಡಿ ಸಾಲ ಸಣ್ಣದು, ಸರಿ. 6,000 ಇದ್ದರೆ 3,000 ಸಿಗುತ್ತದೆ. ಆದರೆ ರಾತ್ರಿ ಮಗುವನ್ನು ಸಾಗರದ ಆಸ್ಪತ್ರೆಗೆ ಒಯ್ದು ಬಂದ ಮೇಲಿನ ಖರ್ಚು ಅಷ್ಟೇ ಇರುತ್ತದೆ.

"ಯಾಕೆ ಯಾರಿಗೂ ಹೇಳಿಲ್ಲ?" ಎಂದು ಬಿಪಿಎಂ ಅನ್ನು ಕೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಖಾತೆ ಎಷ್ಟ್ ತೆಗ್ದಿ ಅಂತ ದಿನಾ ಕೇಳ್ತಾರ್ರಿ. ಸಾಲ ಎಷ್ಟ್ ಕೊಟ್ಟಿ ಅಂತ ಯಾರೂ ಕೇಳಂಗಿಲ್ಲ." ಮೇಲಿನಿಂದ ಟಾರ್ಗೆಟ್ ಬರುವುದು ಹೊಸ ಖಾತೆಗೆ, ವಿಮೆಗೆ. ಇದ್ದವರಿಗೆ ಇದ್ದುದರ ಉಪಯೋಗ ತಿಳಿಸಿ ಹೇಳುವುದಕ್ಕೆ ಟಾರ್ಗೆಟ್ ಇಲ್ಲ. ಖಾತೆ ತೆಗೆಯುವುದು ಸುಲಭ. ಮೂರು ವರ್ಷ ಅದರಲ್ಲಿ ಏನೂ ನಡೆಯದಿದ್ದರೆ ಅದು ಸೈಲೆಂಟ್ ಖಾತೆ. ಹೆಸರಿಟ್ಟವರು ಯಾರೋ, ಕವಿಯೇ ಇರಬೇಕು.

ಕಟ್ಟಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲವೂ ನನಗೆ ಯಾವಾಗಲೂ ಇತ್ತು. ಪೋಸ್ಟಾಫೀಸಿನ ಉಳಿತಾಯವೆಲ್ಲ ಕೇಂದ್ರದ ಸಣ್ಣ ಉಳಿತಾಯ ನಿಧಿಗೆ ಸೇರುತ್ತದೆ. 1999ರಲ್ಲಿ ಮಾಡಿದ ನಿಧಿ ಅದು. ಅಲ್ಲಿಂದ ಸರ್ಕಾರಗಳು ಸಾಲ ಪಡೆಯುತ್ತವೆ. ಕೆಲವು ವರ್ಷ ಭಾರತ ಆಹಾರ ನಿಗಮಕ್ಕೂ ಅದರಿಂದ ಸಾಲ ಹೋಯಿತು, ಅಂದರೆ ಪಡಿತರದ ಅಕ್ಕಿ ಕೊಳ್ಳುವವರಿಗೆ. ದೊಡ್ಡಮ್ಮ ಆಗ ಕಟ್ಟಿದ ದುಡ್ಡು ದೆಹಲಿಗೆ ಹೋಗಿ ನ್ಯಾಯಬೆಲೆ ಅಂಗಡಿಯ ಅಕ್ಕಿಯಾಗಿ ಅವರ ಚೀಲಕ್ಕೇ ಬಂದಿರಬಹುದು. ಹೇಳಿದೆ. "ಅಕ್ಕಿಯಲ್ಲಿ ಕಲ್ಲು ಜಾಸ್ತಿ ಇತ್ತು, ಹೇಳು ಅವರಿಗೆ" ಎಂದರು.

ಬೆಂಗಳೂರಿನ ಒಂದು ದೃಶ್ಯವನ್ನೂ ಹೇಳಬೇಕು. 2024ರ ಮೇ ಕೊನೆಯಲ್ಲಿ, ಲೋಕಸಭೆ ಚುನಾವಣೆಯ ಫಲಿತಾಂಶಕ್ಕೆ ಮೊದಲು, ರಾಜಭವನ ರಸ್ತೆಯ ಜನರಲ್ ಪೋಸ್ಟಾಫೀಸಿನ ಮುಂದೆ ಹೆಂಗಸರ ಸಾಲು ಬೆಳೆಯಿತು. ಪೋಸ್ಟಾಫೀಸಿನಲ್ಲಿ ಖಾತೆ ಇದ್ದರೆ ತಿಂಗಳಿಗೆ 8,500 ರೂಪಾಯಿ ಬೀಳುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಕೆಲವರು ನಸುಕಿಗೆ ಮೊದಲೇ ಬಂದು ನಿಂತಿದ್ದರು. ಹಾಗೇನಿಲ್ಲ ಎಂದು ಅಂಚೆಯವರು ಬೋರ್ಡು ಹಾಕಿದರೂ ಸಾಲು ಕರಗಲಿಲ್ಲ. ಟಿವಿಯಲ್ಲಿ ನೋಡಿ ನಕ್ಕವರು ಬಹಳ. ನನಗೆ ಆ ಸಾಲಿನಲ್ಲಿ ಬೇರೆ ಏನೋ ಕಂಡಿತು. ಪುಕ್ಕಟೆ ದುಡ್ಡಿನ ಸುದ್ದಿ ಸುಳ್ಳಿರಬಹುದು ಎಂಬ ಅನುಮಾನ ಅವರಲ್ಲಿ ಎಷ್ಟೋ ಜನಕ್ಕೆ ಇದ್ದಿರಬೇಕು. ಆದರೂ, ಬಂದರೆ ಪೋಸ್ಟಾಫೀಸಿಗೇ ಬರುತ್ತದೆ ಎಂಬುದನ್ನು ಅವರು ಸುಲಭವಾಗಿ ನಂಬಿದರು. ಯಾವುದಾದರೂ ಖಾಸಗಿ ಬ್ಯಾಂಕಿನ ಹೆಸರು ಹೇಳಿದ್ದರೆ ಆ ಸುಳ್ಳು ಅಷ್ಟು ದೂರ ಓಡುತ್ತಿತ್ತೇ?

ಅಂಥ ನಂಬಿಕೆಗೆ ಪೆಟ್ಟು ಬಿದ್ದಿದ್ದನ್ನೂ ನೋಡಿದ್ದೇನೆ. ಬೇರೆ ತಾಲ್ಲೂಕಿನ ನೆಂಟರ ಊರು. ಅಲ್ಲಿ ಪೋಸ್ಟಿನವರು ಪಾಸ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದು ಮೊಹರು ಹಾಕಿಕೊಡುತ್ತಿದ್ದರು. ಅತ್ತೆ ಏಳು ತಿಂಗಳು ಆರ್‌ಡಿ ಕಟ್ಟಿದರು. ಪುಸ್ತಕದಲ್ಲಿ ಏಳೂ ಇತ್ತು. ಆಫೀಸಿನ ಲೆಕ್ಕದಲ್ಲಿ ಒಂದೂ ಇರಲಿಲ್ಲ. ವಿಚಾರಣೆ ನಡೆಯಿತು, ಹೇಳಿಕೆ ಬರೆಸಿಕೊಂಡರು, ಒಂದೂವರೆ ವರ್ಷದ ಮೇಲೆ ದುಡ್ಡು ವಾಪಸ್ ಬಂತು. ಆದರೆ ಅತ್ತೆಯ ಬೇಸರ ದುಡ್ಡಿನದ್ದಲ್ಲ. "ನಮ್ಮ ಮನೆ ಚಾ ಕುಡೀತಿದ್ದ" ಎಂದು ಈಗಲೂ ಹೇಳುತ್ತಾರೆ. ಗುರುತು ಇದ್ದುದರಿಂದಲೇ ಅವರು ರಸೀದಿ ಕೇಳಿರಲಿಲ್ಲ. ಅವತ್ತಿನಿಂದ ನಾನು ಊರಿನಲ್ಲಿ ಯಾರೇ ಸಿಕ್ಕಿದರೂ ಒಂದು ಮಾತು ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ಪಾಸ್‌ಬುಕ್ ತೆಗೆದುಕೊಂಡು ಪೇಟೆಯ ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ತಾಳೆ ನೋಡಿಸಿ. ಎಲ್ಲರೂ ಹೂಂ ಅನ್ನುತ್ತಾರೆ. ಯಾರೂ ಹೋಗುವುದಿಲ್ಲ.

2025ರ ಜುಲೈ 14ಕ್ಕೆ ನಮ್ಮ ಹಿನ್ನೀರಿಗೆ ಸೇತುವೆ ಬಂತು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ, ಸಿಗಂದೂರು ಸೇತುವೆ ಎಂದೇ ಎಲ್ಲರ ಬಾಯಲ್ಲಿ. ಲಾಂಚ್ ಕಾಯುವುದು ಮುಗಿಯಿತು. ಇನ್ನು ಜಗುಲಿಗೆ ಯಾರು ಬರುತ್ತಾರೆ, ಎಲ್ಲರೂ ಬಸ್ ಹತ್ತಿ ಸಾಗರದ ಬ್ಯಾಂಕಿಗೇ ಹೋಗುತ್ತಾರೆ ಎಂದುಕೊಂಡಿದ್ದೆ. ಆ ಡಿಸೆಂಬರಿನ ಬೆಳಿಗ್ಗೆ ಮೆಟ್ಟಿಲ ಮೇಲಿದ್ದ ಏಳೆಂಟು ಜನ ನನ್ನ ಲೆಕ್ಕ ತಪ್ಪು ಮಾಡಿದರು. ಒಬ್ಬಾಕೆಯನ್ನು ಕೇಳಿದೆ. ಬ್ಯಾಂಕಿನಲ್ಲಿ ಚೀಟಿ ತುಂಬಿಸಲು ಯಾರನ್ನಾದರೂ ಬೇಡಬೇಕಂತೆ. ಹಿಂದಿ ಮಾತಾಡುವ ಹುಡುಗ ಕೂತಿರುತ್ತಾನಂತೆ. "ಇವಳ ಮಾತೂ ಅರ್ಥ ಆಗಲ್ಲ. ಆದ್ರೆ ಇವಳು ಎರಡು ಸಲ ಹೇಳ್ತಾಳೆ" ಎಂದಳು.

ಸರಿ, 500 ರೂಪಾಯಿ.

ದೊಡ್ಡಮ್ಮ 2,000 ಎಣಿಸಿಕೊಂಡು, ಹಿಂದೆ ನೋಡಿ, ಸೊಸೆ ಇನ್ನೂ ಮೆಟ್ಟಿಲ ಹತ್ತಿರವೇ ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಒಂದು ನೋಟನ್ನು ಮೇಜಿನ ಮೇಲೆ ಮಡಚಿ ಇಟ್ಟರು. ಬಿಪಿಎಂ ಮಾತಾಡದೆ ಹಿಂದಿನ ಕಪಾಟಿನಿಂದ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದಳು. ಅದರ ತುಂಬ ಪಾಸ್‌ಬುಕ್ಕುಗಳು. ಗಿರಾಕಿಗಳ ಪಾಸ್‌ಬುಕ್ ತನ್ನ ಹತ್ತಿರ ಇಟ್ಟುಕೊಳ್ಳುವುದು ನಿಯಮಕ್ಕೆ ವಿರುದ್ಧ, ಅದು ಅವಳಿಗೂ ಗೊತ್ತು. ನನಗೆ ಅತ್ತೆಯ ಏಳು ಕಂತು ನೆನಪಾಗಿ ಎದೆ ಧಸಕ್ ಎಂದಿತು. ನನ್ನ ಮುಖ ನೋಡಿ ಅವಳೇ ಹೇಳಿದಳು. "ಮನ್ಯಾಗ ಇಟ್ರ ಉಳಿಯಂಗಿಲ್ಲಂತ್ರಿ. ನಾ ಬ್ಯಾಡ ಅಂದ್ರೂ ಬಿಟ್ ಹೋಗ್ತಾರ." ದೊಡ್ಡಮ್ಮನ ಪುಸ್ತಕ ತೆಗೆದು, ಯಂತ್ರದಲ್ಲಿ ಕಟ್ಟಿ, ಬಂದ ರಸೀದಿಯನ್ನು ಅವರ ಕೈಗೆ ಕೊಟ್ಟಳು. ದೊಡ್ಡಮ್ಮ ರಸೀದಿಯನ್ನೂ ಅವಳ ಕೈಗೇ ವಾಪಸ್ ಕೊಟ್ಟರು.

"ನಮ್ಮನೆ ಹುಡುಗಿಗೆ ಹೇಳ್ಬೇಡ."

"ನಾ ಯಾರಿಗೂ ಹೇಳಂಗಿಲ್ಲ ಅಜ್ಜಿ."

ದೊಡ್ಡಮ್ಮ ನನ್ನನ್ನು ಎಬ್ಬಿಸಿಕೊಂಡು ಹೊರಟರು. ಗೇಟಿನ ತನಕ ಬಂದ ಮೇಲೆ ನನ್ನ ಕೊಡೆ ಮರೆತದ್ದು ನೆನಪಾಗಿ ಒಬ್ಬನೇ ಹಿಂದೆ ಹೋದೆ. ಮೇಜಿನ ಮುಂದೆ ದೊಡ್ಡಮ್ಮನ ಸೊಸೆ ಕೂತಿದ್ದಳು. ಅಡಿಕೆ ಸುಲಿದ ಕೂಲಿಯ ನೋಟುಗಳನ್ನು ಬ್ಲೌಸಿನೊಳಗಿನ ಸಣ್ಣ ಪರ್ಸಿನಿಂದ ತೆಗೆಯುತ್ತಿದ್ದಳು. ಬಿಸ್ಕತ್ತಿನ ಡಬ್ಬಿ ಇನ್ನೂ ತೆರೆದೇ ಇತ್ತು. ನನ್ನನ್ನು ನೋಡಿ ಅವಳು ನೋಟಿನ ಮೇಲೆ ಕೈ ಮುಚ್ಚಿದಳು. ಆಮೇಲೆ ನಕ್ಕಳು.

"ಅತ್ತೆಗೆ ಹೇಳ್ಬೇಡಿ, ಆಯ್ತಾ?"

ನಾನು ಬಿಪಿಎಂ ಕಡೆ ನೋಡಿದೆ. ಅವಳು ಡಬ್ಬಿಯೊಳಗೆ ಪುಸ್ತಕ ಹುಡುಕುತ್ತಿದ್ದಳು, ತಲೆ ಎತ್ತಲಿಲ್ಲ.